ಕರೆದರೆ ಓಗೊಡದ ಸನ್‌ರೂಫ್

ಮಳೆ ಶುರುವಾಗಿದೆ. ಕಾರಿನ ಚಾವಣಿಯ ಗಾಜು, ಅಂದರೆ ಸನ್‌ರೂಫ್, ಅರ್ಧ ತೆರೆದೇ ನಿಂತಿದೆ. ಸ್ವಿಚ್ಚು ಒತ್ತಿದರೆ ಗಾಜು ಕದಲುವುದಿಲ್ಲ, ಮೋಟರಿನ ಸದ್ದೂ ಇಲ್ಲ. ಹೇಗೋ ಪ್ಲಾಸ್ಟಿಕ್ ಹಾಳೆ ಹೊದಿಸಿ ಗ್ಯಾರೇಜಿಗೆ ತಂದರೆ, ಮೆಕ್ಯಾನಿಕ್ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸುತ್ತಾನೆ. ಪರದೆಯ ಮೇಲೆ ‘ಯು’ ಅಕ್ಷರದಿಂದ ಶುರುವಾಗುವ ಒಂದು ಸಂಖ್ಯೆ; ಪಕ್ಕದಲ್ಲಿ ‘ಸನ್‌ರೂಫ್ ಘಟಕದೊಡನೆ ಸಂಪರ್ಕ ತಪ್ಪಿದೆ’ ಎಂಬ ಒಕ್ಕಣೆ. ‘ಮೋಟರ್ ಹೋಗಿದೆ ಸಾರ್, ಹೊಸದೇ ಹಾಕಬೇಕು’ ಎನ್ನುತ್ತಾನೆ. ಸಾವಿರಾರು ರೂಪಾಯಿಯ ಮಾತು. ಒಪ್ಪಬೇಕೆ?

ಒಪ್ಪುವ ಮೊದಲು ಆ ಒಕ್ಕಣೆಯನ್ನು ಇನ್ನೊಮ್ಮೆ ಓದಬೇಕು. ಮೋಟರು ಕೆಟ್ಟಿದೆ ಎಂದು ಅದು ಹೇಳುತ್ತಲೇ ಇಲ್ಲ. ‘ಕರೆದೆ, ಉತ್ತರ ಬರಲಿಲ್ಲ’ ಎಂದಷ್ಟೇ ದೂರು. ದೂರು ಕೊಟ್ಟಿರುವುದೂ ಸನ್‌ರೂಫ್ ಅಲ್ಲ, ಕಾರಿನೊಳಗಿನ ಮತ್ತೊಂದು ಪುಟ್ಟ ಕಂಪ್ಯೂಟರು.

ಹಳೆಯ ಕಾರುಗಳಲ್ಲಿ ಈ ಗೋಜಲಿರಲಿಲ್ಲ. ಸ್ವಿಚ್ಚಿನಿಂದ ಮೋಟರಿಗೆ ನೇರ ತಂತಿ. ಸೌಲಭ್ಯಗಳು ಹೆಚ್ಚಿದಂತೆ ತಂತಿಗಳ ಹೊರೆಯೂ ಹೆಚ್ಚಿತು. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಕೆಲಸ ಆರಂಭಿಸಿ, 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ‘ಕ್ಯಾನ್’ ಎಂಬ ಪದ್ಧತಿಯನ್ನು ಜಗತ್ತಿನ ಮುಂದಿಟ್ಟಿತು. ಎರಡೇ ತಂತಿಗಳ ಮೇಲೆ ಹಲವು ಕಂಪ್ಯೂಟರುಗಳು ಸೆಕೆಂಡಿಗೆ 10 ಲಕ್ಷ ಬಿಟ್‌ವರೆಗೆ ಮಾಹಿತಿ ಹಂಚಿಕೊಳ್ಳಬಹುದಿತ್ತು. ಎಂಜಿನ್, ಬ್ರೇಕುಗಳಿಗೆ ಆ ಅವಸರ ಬೇಕು. ಕನ್ನಡಿ, ಕಿಟಕಿ, ಸನ್‌ರೂಫ್‌ಗಳಿಗೇಕೆ? ಅವುಗಳಿಗಾಗಿ 1990ರ ದಶಕದ ಕೊನೆಗೆ ಯುರೋಪಿನ ಕೆಲವು ಕಾರು ತಯಾರಕರು ಸೇರಿ ‘ಲಿನ್’ ಎಂಬ ಅಗ್ಗದ ಪದ್ಧತಿ ರೂಪಿಸಿದರು. ಅದಕ್ಕೆ ಒಂದೇ ತಂತಿ. ವೇಗ ಹೆಚ್ಚೆಂದರೆ 20 ಸಾವಿರ ಬಿಟ್. ಇಂದು ಅನೇಕ ಕಾರುಗಳ ಸನ್‌ರೂಫ್ ಮಾತಾಡುವುದು ಈ ಒಂಟಿ ತಂತಿಯ ಮೇಲೆಯೇ.

ಲಿನ್ ಎಂದರೆ ತರಗತಿಯ ಹಾಜರಿ ಎಂದುಕೊಳ್ಳಿ. ಮೇಷ್ಟ್ರು ಒಬ್ಬರೇ. ಅವರು ಸಂಖ್ಯೆ ಕೂಗಿದಾಗ ಆ ಸಂಖ್ಯೆಯ ವಿದ್ಯಾರ್ಥಿ ಮಾತ್ರ ‘ಹಾಜರ್’ ಎನ್ನಬೇಕು; ತಾನಾಗಿ ಯಾರೂ ಬಾಯಿ ಬಿಡುವಂತಿಲ್ಲ. ಈಗ ಹದಿನಾಲ್ಕನೆಯವನು ಉತ್ತರಿಸಲಿಲ್ಲ. ಅವನು ಬಂದಿಲ್ಲದೆ ಇರಬಹುದು. ನಿದ್ದೆ ಹೋಗಿರಬಹುದು. ಮೇಷ್ಟ್ರ ದನಿಯೇ ಅವನವರೆಗೆ ಮುಟ್ಟದಿರಬಹುದು. ಪಕ್ಕದವನು ಗಲಾಟೆ ಎಬ್ಬಿಸಿ ಅವನ ದನಿಯನ್ನು ಮುಚ್ಚಿಹಾಕಿರಲೂಬಹುದು. ಹಾಜರಿ ಪುಸ್ತಕದಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಗುರುತು!

ಆದ್ದರಿಂದ ಬಲ್ಲ ಮೆಕ್ಯಾನಿಕ್ ಮೊದಲು ನೋಡುವುದು ಬ್ಯಾಟರಿಯನ್ನು. ಬ್ಯಾಟರಿ ಸೊರಗಿದ್ದರೂ ಇಂಥ ಸಂಖ್ಯೆಗಳು ಹುಟ್ಟುತ್ತವೆ. ಬಳಿಕ ಅವನು ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ಅಳಿಸಿ, ಯಾವುದು ಮರಳಿ ಬರುತ್ತದೆಂದು ಕಾಯುತ್ತಾನೆ. ಅದೇ ತಂತಿಯ ಮೇಲಿರುವ ಬೇರೆ ಘಟಕಗಳೂ ಸುಮ್ಮನಾಗಿವೆಯೇ ಎಂದು ವಿಚಾರಿಸುತ್ತಾನೆ. ಎಲ್ಲವೂ ಮೌನವಾಗಿದ್ದರೆ ಸನ್‌ರೂಫ್ ಒಂದನ್ನೇ ದೂರುವುದು ಅನ್ಯಾಯ.

ಅದೊಂದೇ ಮೌನವಾಗಿದ್ದರೆ ಅದಕ್ಕೆ ವಿದ್ಯುತ್ ಸಿಗುತ್ತಿದೆಯೇ ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಅನೇಕರು ಮೋಸ ಹೋಗುತ್ತಾರೆ. ಮಲ್ಟಿಮೀಟರ್ 12 ವೋಲ್ಟ್ ತೋರಿಸಿತು, ಸರಿ ಇದೆ ಎಂದು ಮುಂದೆ ಹೋಗುತ್ತಾರೆ. ತಂತಿಯ ಎಳೆಗಳೆಲ್ಲ ತುಕ್ಕು ತಿಂದು ಒಂದೇ ಎಳೆ ಉಳಿದಿದ್ದರೂ ಮೀಟರ್ 12 ತೋರಿಸೀತು, ಏಕೆಂದರೆ ಮೀಟರಿಗೆ ಬೇಕಾದ ವಿದ್ಯುತ್ ತೀರಾ ಅತ್ಯಲ್ಪ. ಅದೇ ಜಾಗಕ್ಕೆ ಒಂದು ಹೆಡ್‌ಲೈಟ್ ಬಲ್ಬು ಜೋಡಿಸಿದರೆ ಬಣ್ಣ ಬಯಲಾಗುತ್ತದೆ: ಬಲ್ಬು ಮಿಣುಕುತ್ತದೆ, ಮೀಟರಿನ ಅಂಕಿ ಕುಸಿಯುತ್ತದೆ. ಪಾಠಪುಸ್ತಕದ ಓಮ್‌ನ ನಿಯಮ ಕಣ್ಣೆದುರಿಗೇ ಇದೆ.

ಇನ್ನು ಮಾತಿನ ತಂತಿ. ಮಾತುಕತೆ ನಡೆಯುತ್ತಿದ್ದರೆ ಅದರ ವೋಲ್ಟೇಜು ಬ್ಯಾಟರಿಯದಕ್ಕಿಂತ ಕೊಂಚ ಕೆಳಗೆ ಅತ್ತಿತ್ತ ಅಲುಗುತ್ತಿರುತ್ತದೆ. ಕಾರು ಎಚ್ಚರವಿದ್ದರೂ ಅಂಕಿ ಬ್ಯಾಟರಿಯ ಮಟ್ಟದಲ್ಲೇ ಅಲುಗದೆ ನಿಂತಿದ್ದರೆ ಮೇಷ್ಟ್ರ ಕೂಗು ಅಲ್ಲಿಗೆ ಬರುತ್ತಿಲ್ಲವೆಂದು ಸಂಶಯಪಡಬೇಕು. ಸೊನ್ನೆಗೆ ಇಳಿದು ಕೂತಿದ್ದರೆ ತಂತಿ ಎಲ್ಲೋ ಕಾರಿನ ಲೋಹದ ಮೈಗೆ ತಾಗಿದೆ, ಅಥವಾ ಒಂದು ಘಟಕ ಅದನ್ನು ಕೆಳಗೆಳೆದು ಹಿಡಿದಿದೆ. ಆಗ ಘಟಕಗಳ ಕನೆಕ್ಟರ್‌ಗಳನ್ನು ಒಂದೊಂದಾಗಿ ಕಳಚುತ್ತ ಹೋಗುವುದೇ ದಾರಿ. ಯಾವುದನ್ನು ಕಳಚಿದಾಗ ವೋಲ್ಟೇಜು ಮೇಲೇಳುತ್ತದೋ ಅಲ್ಲೇ ತಂಟೆಕೋರ. (ಹುಡುಗರು ಇದನ್ನು ಮನೆಯ ಕಾರಿನಲ್ಲಿ ತಾವಾಗಿ ಪ್ರಯೋಗಿಸಕೂಡದು. ಚಾವಣಿಯ ಬಟ್ಟೆಯ ಅಂಚಿನೊಳಗೆ ಏರ್‌ಬ್ಯಾಗ್ ಮಡಿಸಿಟ್ಟಿರಬಹುದು.)

ತಂಟೆಯ ಮೂಲ ಬಹಳ ಸಲ ಕ್ಷುಲ್ಲಕವಾದದ್ದು. ಸನ್‌ರೂಫ್ ಚೌಕಟ್ಟಿಗೆ ಬಿದ್ದ ಮಳೆನೀರು ಮೂಲೆಗಳ ಸಣ್ಣ ಕೊಳವೆಗಳ ಮೂಲಕ ಕೆಳಗಿಳಿಯಬೇಕು. ಮರದಡಿ ನಿಲ್ಲಿಸುವ ಕಾರಿನಲ್ಲಿ ಎಲೆ, ಹೂವು, ಧೂಳು ಸೇರಿ ಕೊಳವೆ ಕಟ್ಟಿಕೊಳ್ಳುತ್ತದೆ. ನೀರು ಒಳಗೆ ಜಿನುಗಿ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಸುತ್ತದೆ. ಹೊಸ ಮೋಟರು ಹಾಕಿದರೂ ಮುಂದಿನ ಮಳೆಗೆ ಅದೇ ಕಥೆ.

ದುರಸ್ತಿಯಾದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಗಾಜು ಎಲ್ಲಿದೆ ಎಂಬುದನ್ನು ಘಟಕ ಮೋಟರಿನ ಸುತ್ತುಗಳನ್ನೆಣಿಸಿ ತಿಳಿಯುತ್ತದೆ. ಮುಚ್ಚುವಾಗ ಬೆರಳು ಸಿಕ್ಕಿ ಮೋಟರು ತಡವರಿಸಿದರೆ ಗಾಜನ್ನು ಹಿಂದಕ್ಕೆ ಸರಿಸುತ್ತದೆ. ವಿದ್ಯುತ್ ತಪ್ಪಿದಾಗ ಅನೇಕ ಕಾರುಗಳಲ್ಲಿ ಈ ಲೆಕ್ಕ ಮರೆತುಹೋಗುತ್ತದೆ. ಕೈಪಿಡಿಯಲ್ಲಿ ಹೇಳಿದಂತೆ ಸ್ವಿಚ್ಚು ಒತ್ತಿ ಹಿಡಿದು ಅದನ್ನು ಮತ್ತೆ ಕಲಿಸಿಕೊಡಬೇಕು. ಮಕ್ಕಳಿರುವ ಮನೆಯವರು ಇದು ಆಗಿದೆಯೇ ಎಂದು ಕೇಳದೆ ಗ್ಯಾರೇಜು ಬಿಡಬಾರದು. ಹಾಗೆಯೇ ಚೌಕಟ್ಟಿನ ಮೂಲೆಗೆ ಮೆಲ್ಲಗೆ ಅರ್ಧ ಲೋಟ ನೀರು ಸುರಿಸಿ, ಅದು ಕಾರಿನಡಿ ತೊಟ್ಟಿಕ್ಕುವುದನ್ನು ನೋಡಿಕೊಂಡೇ ಬರಬೇಕು.