ನಲ್ಲಿ ತೊಟ್ಟಿಕ್ಕಿಸಿದ್ರೆ ಸಾಕಾ?

ಹಿಮದೂರಿನ ಬಾಡಿಗೆ ಮನೆ | ಭಾಗ 5

ಚಳಿ ಜೋರಾಯ್ತು ಅಂದ್ರೆ ಬಫಲೋದಲ್ಲಿರೋ ನಮ್ಮ ಹುಡುಗ ಹುಡುಗೀರ ವಾಟ್ಸಾಪ್ ಗ್ರೂಪಲ್ಲಿ ಒಂದೇ ಮಂತ್ರ: “ರಾತ್ರಿ ನಲ್ಲಿ ಸ್ವಲ್ಪ ತೊಟ್ಟಿಕ್ಕೋ ಹಾಗೆ ಬಿಡ್ರಪ್ಪ, ಪೈಪ್ ಒಡೆಯಲ್ಲ.” ಸುಳ್ಳಲ್ಲ. ಆದ್ರೆ ನನ್ನ ಪ್ರಕಾರ ಅದು ಕೊನೇ ಉಪಾಯ. ನಾವು ಅದನ್ನೇ ಮೊದಲನೇದು ಮಾಡ್ಕೊಂಡಿದ್ದೀವಿ. ಮೊದಲ ಕೆಲಸ ಇರೋದು ನಾವ್ಯಾರೂ ಇಳಿಯದ ಬೇಸ್‌ಮೆಂಟಲ್ಲಿ. ಅಲ್ಲಿ ನುಗ್ಗೋ ಗಾಳಿ ತಡೀಬೇಕು.

ಪಿಯುಸಿ ಫಿಸಿಕ್ಸ್ ನೆನಪಿದೆಯಾ? ನೀರು ಮಂಜುಗಡ್ಡೆ ಆದಾಗ ಸುಮಾರು 9% ಹಿಗ್ಗುತ್ತೆ. ಆದ್ರೆ ಎಷ್ಟೋ ಸಲ ಪೈಪ್ ಸೀಳೋದು ಗಡ್ಡೆ ಕಟ್ಟಿದ ಜಾಗದಲ್ಲಲ್ಲ. ಗಡ್ಡೆಗೂ ಮುಚ್ಚಿದ ನಲ್ಲಿಗೂ ಮಧ್ಯೆ ಸಿಕ್ಕಿಕೊಂಡ ನೀರಿಗೆ ದಾರಿ ಇರಲ್ಲ. ಒತ್ತಡ ಏರಿ ಏರಿ ಅಲ್ಲೇ ಒಡೆಯುತ್ತೆ. ನಲ್ಲಿ ತೊಟ್ಟಿಕ್ಕಿಸಿದ್ರೆ ಮುಖ್ಯವಾಗಿ ಆ ಒತ್ತಡ ಇಳಿಯುತ್ತೆ. ಬೇಸ್‌ಮೆಂಟ್ ಮಾತ್ರ ಹಾಗೇ ಕೊರೀತಾ ಇರುತ್ತೆ.

ಚಳಿ ಎಲ್ಲಿಂದ ಬರುತ್ತೆ? ನೆಲದಿಂದ ಅಲ್ಲ. ಚಳಿಗಾಲದಲ್ಲಿ ಆಳದ ಮಣ್ಣು ಹೊರಗಿನ ಗಾಳಿಗಿಂತ ಬೆಚ್ಚಗಿರುತ್ತೆ. ತೊಂದರೆ ಇರೋದು ಗೋಡೆಯ ಮೇಲ್ತುದಿಯಲ್ಲಿ. ಹಳೇ ಮನೆಗಳಲ್ಲಿ ಕಲ್ಲಿನ ಪಾಯದ ಮೇಲೆ ಮರದ ತೊಲೆ ಕೂರೋ ಜಾಗದಲ್ಲಿ ಸಂದು ಬಿಟ್ಟಿರುತ್ತೆ. ಜೊತೆಗೆ ಬಿರುಕು ಬಿಟ್ಟ ಚಿಕ್ಕ ಕಿಟಕಿ, ಕೇಬಲ್ ಒಳಗೆ ಬಂದ ತೂತು. ಪೈಪುಗಳೂ ಅದೇ ಎತ್ತರದಲ್ಲಿ, ಛಾವಣಿಗೆ ಅಂಟಿಕೊಂಡೇ ಓಡ್ತವೆ. ಗಾಳಿ ನೇರವಾಗಿ ಅವುಗಳ ಮೇಲೇ!

ಗಾಳಿ ಬೀಸೋ ದಿನ ಒಂದು ಅಗರಬತ್ತಿ ಹಚ್ಕೊಂಡು ಕೆಳಗಿಳೀರಿ. ಹೊಗೆ ಎಲ್ಲಿ ಅಲುಗಾಡುತ್ತೋ ಅಲ್ಲೇ ಸಂದಿ. ಮುಚ್ಚಿ. ಆದ್ರೆ ಗ್ಯಾಸ್ ಫರ್ನೇಸಿನ ಹೊಗೆ ಕೊಳವೆ, ಅದಕ್ಕೆ ಗಾಳಿ ಬರಲಿ ಅಂತಲೇ ಬಿಟ್ಟಿರೋ ಕಿಂಡಿ ಮುಟ್ಟಲೇಬೇಡಿ. ಅದು ಪ್ರಾಣದ ವಿಷಯ.

ಆಮೇಲೆ ಪೈಪಿಗೆ ಫೋಮ್ ಕವರ್ ತೊಡಿಸಿ. ಕವರ್ ಅನ್ನೋದು ಸ್ವೆಟರ್ ಇದ್ದ ಹಾಗೆ, ಒಲೆ ಅಲ್ಲ. ಇರೋ ಬಿಸಿ ಬೇಗ ಹೋಗದ ಹಾಗೆ ನೋಡ್ಕೊಳ್ಳುತ್ತೆ, ಹೊಸ ಬಿಸಿ ಕೊಡಲ್ಲ. ಅದಕ್ಕೇ ಬೇಸ್‌ಮೆಂಟ್ ಛಾವಣಿಗೆ ಪೂರ್ತಿ ಇನ್ಸುಲೇಷನ್ ತುಂಬೋಕೆ ಮುಂಚೆ ಯೋಚನೆ ಮಾಡಿ. ಮೇಲಿನ ಮನೆಯಿಂದ ಇಳಿಯೋ ಅಷ್ಟಿಷ್ಟು ಬಿಸಿಯೂ ನಿಂತು, ಪೈಪ್ ಇನ್ನೂ ತಣ್ಣಗಾಗುತ್ತೆ.

“ಬಾಡಿಗೆ ಮನೆ, ನಮಗ್ಯಾಕೆ?” ಅಂತೀರಾ? ಗೋಡೆ ಓನರ್‌ದು, ಸರಿ. ಲ್ಯಾಪ್‌ಟಾಪ್, ಬಟ್ಟೆ, ಸೂಟ್‌ಕೇಸ್ ನಿಮ್ಮದು. ಸಾಮಾನ್ಯವಾಗಿ ಓನರ್ ಇನ್ಶೂರೆನ್ಸ್ ನಿಮ್ಮ ಸಾಮಾನಿಗೆ ದುಡ್ಡು ಕೊಡಲ್ಲ. ಪರೀಕ್ಷೆ ವಾರದಲ್ಲಿ ನೀರಿಲ್ಲದ ಮನೆಯಲ್ಲಿ ಇರೋರೂ ನೀವೇ. ಹಾಗಂತ ಎಲ್ಲ ಖರ್ಚು ತಲೆ ಮೇಲೆ ಹಾಕ್ಕೋಬೇಡಿ. ಸಂದಿಗಳ ಫೋಟೋ ತೆಗೆದು ಓನರ್‌ಗೆ ಇಮೇಲ್ ಮಾಡಿ. ಫೋನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ, ಬರೆದದ್ದು ಉಳಿಯುತ್ತೆ.

ರಜೆಗೆ ಊರಿಗೆ ಹೊರಟೋರೇ, ಬಿಲ್ ಉಳಿಸೋಕೆ ಹೀಟಿಂಗ್ ಆಫ್ ಮಾಡ್ಬೇಡಿ. 55 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಸುಮಾರು 13 ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸಬೇಡಿ. ನಾಲ್ಕು ಡಾಲರ್ ಉಳಿಸೋಕೆ ಹೋಗಿ ಮನೆ ತುಂಬ ನೀರು ಮಾಡ್ಕೊಳ್ಳೋದು ಜಾಣತನ ಅಲ್ಲ.

ಇಷ್ಟಾದ್ಮೇಲೂ ವಿಪರೀತ ಚಳಿ ಬಂತಾ? ಈಗ ನಲ್ಲಿ ತೊಟ್ಟಿಕ್ಕಿಸಿ, ಖಂಡಿತ. ನೀರು ನಿಂತೇ ಹೋದ್ರೆ ನಲ್ಲಿ ತೆರೆದಿಟ್ಟು, ನಲ್ಲಿ ಕಡೆಯಿಂದ ಶುರು ಮಾಡಿ ಹೇರ್ ಡ್ರೈಯರ್ ಹಿಡೀರಿ. ನೆಲ ಒದ್ದೆ ಇದ್ರೆ ಅದೂ ಬೇಡ. ಬೆಂಕಿ ಅಂತೂ ಯಾವತ್ತೂ ಬೇಡ.

ಈ ಪೋಸ್ಟ್ ಓದಿ ಒಂದೇ ಕೆಲಸ ಮಾಡ್ತೀರಿ ಅಂದ್ರೆ ಇದನ್ನ ಮಾಡಿ: ಇವತ್ತೇ ರೂಮ್‌ಮೇಟ್‌ಗಳನ್ನೆಲ್ಲ ಕರ್ಕೊಂಡು ಕೆಳಗಿಳಿದು, ಇಡೀ ಮನೆಯ ನೀರು ನಿಲ್ಲಿಸೋ ಮೇನ್ ವಾಲ್ವ್ ಹುಡುಕಿ. ಪೈಪ್ ಒಡೆದಾಗ ಮೊದಲು ಬೇಕಾಗೋದು ಪ್ಲಂಬರ್ ನಂಬರ್ ಅಲ್ಲ, ಆ ವಾಲ್ವ್.

ನಿಮ್ಮನೇಲಿ ಅದು ಎಲ್ಲಿದೆ? ಕಾಮೆಂಟಲ್ಲಿ ಹೇಳಿ. ಗೊತ್ತಿಲ್ಲ ಅಂದ್ರೆ ಮೊದಲು ನೋಡ್ಕೊಂಡ್ ಬನ್ನಿ, ಲೈಕ್ ಆಮೇಲೆ ಒತ್ತಿದ್ರಾಯ್ತು.

#ಹಿಮದೂರಿನ_ಬಾಡಿಗೆಮನೆ #ಚಳಿಗಾಲ #ಬಫಲೋ_ಕನ್ನಡಿಗರು