ಕತ್ತಿ ಅದೇ, ಲೆಕ್ಕ ಬೇರೆ

ಆನ್‌ಲೈನ್ ಆಟವೊಂದರ ಪ್ಯಾಚ್ ನೋಟ್ಸ್ ಬಂದ ದಿನ ಆಡುವವರೆಲ್ಲ ಮಾಡುವ ಮೊದಲ ಕೆಲಸ, ಆ ಉದ್ದದ ಪಟ್ಟಿಯಲ್ಲಿ ತಮ್ಮ ಪಾತ್ರದ ಹೆಸರು ಹುಡುಕುವುದು. ಹೊಡೆತದ ಬಲ ಶೇಕಡ 5 ಏರಿದ್ದರೆ ಮನೆಯಲ್ಲಿ ಹಬ್ಬ, ಇಳಿದಿದ್ದರೆ ಸೂತಕ. ಏರಿಸಿದರೆ ಬಫ್, ಇಳಿಸಿದರೆ ನರ್ಫ್. ನಾನು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನಲ್ಲಿ ವಾರಿಯರ್ ಆಡುವವನಾದ್ದರಿಂದ ಎರಡನ್ನೂ ಕಂಡಿದ್ದೇನೆ. ಆದರೆ ಈ ಆಟದ ಇತಿಹಾಸ ನೋಡಿದಷ್ಟೂ ಒಂದು ವಿಷಯ ಗಟ್ಟಿಯಾಗುತ್ತಿದೆ. ಪಾತ್ರದ ಬಲದಲ್ಲಿ ಅರ್ಧ ಮಾತ್ರ ಅದರ ಅಂಕಿಗಳಲ್ಲಿ ಇರುತ್ತದೆ. ಉಳಿದರ್ಧ ಇರುವುದು ಸುತ್ತಲಿನ ಲೋಕದಲ್ಲಿ.

ಆಟ ಆಡದವರಿಗಾಗಿ ನಾಲ್ಕು ಮಾತು. ವಾರಿಯರ್ ಎಂದರೆ ಕತ್ತಿಯನ್ನೋ ಕೊಡಲಿಯನ್ನೋ ಹಿಡಿದು ಶತ್ರುವಿನ ಹತ್ತಿರ ಹೋಗಿಯೇ ಹೊಡೆಯಬೇಕಾದ ಪಾತ್ರ. ಮಂತ್ರವಾದಿಯಾದ ಮೇಜ್ ದೂರ ನಿಂತು ಬೆಂಕಿಯುಂಡೆ ಎಸೆಯುತ್ತಾನೆ. ಅವನು ಕಾಳಗ ಶುರು ಮಾಡುವಾಗ ಮಂತ್ರಶಕ್ತಿಯ ಕೊಡ ತುಂಬಿರುತ್ತದೆ. ವಾರಿಯರ್‌ನದು ಖಾಲಿ. ಅವನ ಶಕ್ತಿಯ ಹೆಸರು ರೇಜ್, ಅಂದರೆ ಸಿಟ್ಟು. ಅದು ಸೊನ್ನೆಯಿಂದ ಶುರುವಾಗಿ 100ರವರೆಗೆ ಏರುತ್ತದೆ. ಹೊಡೆದರೆ ಸಿಟ್ಟು ಬರುತ್ತದೆ, ಹೊಡೆಸಿಕೊಂಡರೂ ಬರುತ್ತದೆ. ಬಂದ ಸಿಟ್ಟನ್ನು ಖರ್ಚು ಮಾಡಿ ದೊಡ್ಡ ಪೆಟ್ಟು ಹಾಕಬೇಕು.

ಕೇಳಲು ಸೊಗಸಾಗಿದೆ. ಲೆಕ್ಕ ಹಾಕಿದರೆ ಮಾತ್ರ ತಲೆನೋವು. 2004ರಲ್ಲಿ ಆಟ ಶುರುವಾದಾಗ, ಎಷ್ಟು ಜೋರಾಗಿ ಹೊಡೆಯುತ್ತೀಯೋ ಅಷ್ಟು ಹೆಚ್ಚು ರೇಜ್ ಎಂಬ ನಿಯಮವಿತ್ತು. ಒಳ್ಳೆಯ ಆಯುಧವಿದ್ದರೆ ಹೊಡೆತ ಹೆಚ್ಚು, ಹೊಡೆತ ಹೆಚ್ಚಾದರೆ ರೇಜ್ ಹೆಚ್ಚು, ರೇಜ್ ಹೆಚ್ಚಾದರೆ ದೊಡ್ಡ ಪೆಟ್ಟುಗಳು ಹೆಚ್ಚು, ಅದರಿಂದ ಹೊಡೆತ ಮತ್ತೂ ಹೆಚ್ಚು. ದುಡ್ಡಿದ್ದವನ ಹತ್ತಿರವೇ ದುಡ್ಡು ಸೇರುವ ಹಾಗೆ. ಸಾಧಾರಣ ಕತ್ತಿಯ ವಾರಿಯರ್ ರೇಜ್ ಇಲ್ಲದೆ ಸುಮ್ಮನೆ ನಿಂತಿರುತ್ತಿದ್ದ. ಭಾರಿ ಕತ್ತಿಯ ವಾರಿಯರ್‌ಗೆ ರೇಜ್ ಖರ್ಚು ಮಾಡಲು ಕೈ ಸಾಲುತ್ತಿರಲಿಲ್ಲ. ಒಂದೇ ಪಾತ್ರಕ್ಕೆ ಎರಡು ಜಾತಕ. ಇದಕ್ಕೆ ನರ್ಫ್ ಕೊಡಬೇಕೋ ಬಫ್ ಕೊಡಬೇಕೋ?

ಆಟ ತಯಾರಿಸಿದ ಬ್ಲಿಜಾರ್ಡ್ ಈ ಗಂಟನ್ನು ಎರಡು ಸಲ ಬಿಚ್ಚಲು ನೋಡಿತು. 2007ರ ಜನವರಿಯಲ್ಲಿ ಬಂದ 'ಬರ್ನಿಂಗ್ ಕ್ರುಸೇಡ್' ವಿಸ್ತರಣೆಯ ಹೊತ್ತಿಗೆ ರೇಜ್ ಸೂತ್ರದಲ್ಲಿ ಆಯುಧದ ವೇಗವನ್ನೂ ಸೇರಿಸಿ, ಹೊಡೆತದ ಗಾತ್ರಕ್ಕಿದ್ದ ತೂಕ ಕಡಿಮೆ ಮಾಡಿದರು. ವಾರಿಯರ್ ಆಡುವವರು ಗದ್ದಲವೆಬ್ಬಿಸಿದರು. 2010ರ ಅಕ್ಟೋಬರ್‌ನ 4.0.1 ಪ್ಯಾಚ್‌ನಲ್ಲಿ ಇನ್ನೂ ಮುಂದೆ ಹೋದರು. ಮಾಮೂಲಿ ಹೊಡೆತದಿಂದ ಬರುವ ರೇಜ್‌ಗೂ ಆ ಹೊಡೆತದ ಗಾತ್ರಕ್ಕೂ ಇದ್ದ ಸಂಬಂಧವನ್ನೇ ಕತ್ತರಿಸಿ, ಆಯುಧದ ವೇಗಕ್ಕೆ ತಕ್ಕಂತೆ ಇಷ್ಟು ಎಂದು ನಿಗದಿ ಮಾಡಿದರು. ಬಡವನಿಗೂ ಶ್ರೀಮಂತನಿಗೂ ಒಂದೇ ಪಡಿ. ಲೆಕ್ಕ ನೇರವಾಯಿತು. ಒಳ್ಳೆಯ ಆಯುಧ ಸಿಕ್ಕ ದಿನ ರೇಜ್ ಉಕ್ಕಿ ಹರಿಯುತ್ತಿದ್ದ ಆ ಹುರುಪು ಕಡಿಮೆಯಾಯಿತು ಎಂದು ಹಳಬರು ಗೊಣಗಿದ್ದರಲ್ಲಿ ಸುಳ್ಳೇನಿಲ್ಲ.

ಇಷ್ಟೇ ಆಗಿದ್ದರೆ ಇದು ಮಾಮೂಲಿ ಟ್ಯೂನಿಂಗ್ ಕತೆ. ನನಗೆ ಹೆಚ್ಚು ಪಾಠ ಹೇಳಿದ್ದು 2019.

ಆ ವರ್ಷದ ಆಗಸ್ಟ್‌ನಲ್ಲಿ ಬ್ಲಿಜಾರ್ಡ್ ಹಳೆಯ ಆಟವನ್ನೇ 'ಕ್ಲಾಸಿಕ್' ಹೆಸರಿನಲ್ಲಿ ಮತ್ತೆ ತೆರೆಯಿತು. ಪಾತ್ರಗಳ ಅಂಕಿಗಳು 2006ರ 1.12 ಪ್ಯಾಚ್‌ನವು. ಏನನ್ನೂ ಬದಲಿಸಬೇಡಿ ಎಂಬುದೇ ಅಭಿಮಾನಿಗಳ ಘೋಷಣೆಯಾಗಿತ್ತು. ಮೊದಲ ಸಲ ಆಡಿದ ಕಾಲದಲ್ಲಿ ವಾರಿಯರ್ ಎಂದರೆ ಬಹುತೇಕರ ಮನಸ್ಸಿಗೆ ಬರುತ್ತಿದ್ದದ್ದು ಟ್ಯಾಂಕ್, ಅಂದರೆ ಗುರಾಣಿ ಹಿಡಿದು ಬಾಸ್‌ನ ಪೆಟ್ಟು ತಿನ್ನುವವನು. ಡ್ಯಾಮೇಜ್ ಬೇಕೆಂದರೆ ಮೇಜ್, ರೋಗ್ ಕಡೆ ನೋಡುತ್ತಿದ್ದರು. 2019ರಲ್ಲಿ ಅದೇ ಅಂಕಿಗಳ ವಾರಿಯರ್, ಎರಡು ಕೈಯಲ್ಲೂ ಆಯುಧ ಹಿಡಿದ ಫ್ಯೂರಿ ವಾರಿಯರ್, ಡ್ಯಾಮೇಜ್ ಪಟ್ಟಿಯ ತುದಿಗೆ ಹೋಗಿ ಕುಳಿತ.

ಹೇಗೆ? ಮೂರು ಕಾರಣ.

ಒಂದು, ತಿಳಿವಳಿಕೆ. ನಮಗಿಂತ ಮೂರು ಲೆವೆಲ್ ಮೇಲಿರುವ ಬಾಸ್‌ಗೆ ಹಾಕುವ ಮಾಮೂಲಿ ಹೊಡೆತಗಳಲ್ಲಿ ಶೇಕಡ 40 ಜಾರಿ ಬೀಳುತ್ತವೆ. ಆಯುಧ ಕೌಶಲ 300 ಇದ್ದರೆ ಜಾರಿದ ಹೊಡೆತದಲ್ಲಿ ಸರಾಸರಿ ಶೇಕಡ 35 ನಷ್ಟ. ಕೌಶಲ 305 ಆದರೆ ನಷ್ಟ 15ಕ್ಕೆ ಇಳಿಯುತ್ತದೆ. ಐದೇ ಅಂಕಕ್ಕೆ ಇಷ್ಟು ಫಲ! ಮನುಷ್ಯ ಜನಾಂಗಕ್ಕೆ ಕತ್ತಿ ಮತ್ತು ಗದೆಯಲ್ಲಿ, ಆರ್ಕ್‌ಗಳಿಗೆ ಕೊಡಲಿಯಲ್ಲಿ ಈ ಐದು ಅಂಕ ಹುಟ್ಟಿನಿಂದಲೇ ಬರುತ್ತದೆ. ಉಳಿದವರಿಗೆ ಎಡ್ಜ್‌ಮಾಸ್ಟರ್ಸ್ ಹ್ಯಾಂಡ್‌ಗಾರ್ಡ್ಸ್ ಎಂಬ ಕೈಗವಸು ಇತ್ತು. 44ನೇ ಲೆವೆಲ್‌ಗೇ ತೊಡಬಹುದಾದ, ವಾರಿಯರ್‌ನ ಉಕ್ಕಿನ ಕವಚಕ್ಕಿಂತ ಹಗುರವಾದ ಅದನ್ನು ಹಿಂದೆ ಹೆಚ್ಚಿನವರು ಲೆಕ್ಕಕ್ಕೇ ಇಟ್ಟಿರಲಿಲ್ಲ. 2019ರಲ್ಲಿ ಅದಕ್ಕಾಗಿ ಚಿನ್ನ ಸುರಿದರು.

ಎರಡು, ವರ್ಲ್ಡ್ ಬಫ್. ಓನಿಕ್ಸಿಯಾ ಎಂಬ ಡ್ರ್ಯಾಗನ್ನಿನ ತಲೆಯನ್ನು ಊರ ಬಾಗಿಲಿಗೆ ತಂದರೆ ಅಲ್ಲಿದ್ದವರಿಗೆಲ್ಲ 140 ಅಟ್ಯಾಕ್ ಪವರ್, ಶೇಕಡ 5 ಕ್ರಿಟ್. ಜಾಂಡಲಾರ್ ಬಫ್‌ನಿಂದ ಎಲ್ಲ ಗುಣಾಂಕಗಳೂ ಶೇಕಡ 15 ಮೇಲೆ. ಇಂಥವನ್ನು ಒಂದರ ಮೇಲೊಂದು ಪೇರಿಸಿಕೊಂಡು ರೇಡ್‌ಗೆ ಹೋಗುವುದು 2019ರ ಪದ್ಧತಿಯಾಯಿತು. ಇಲ್ಲಿ ಹಳೆಯ ರೇಜ್ ಸೂತ್ರ ನೆನಪಿಸಿಕೊಳ್ಳಿ. ಮೇಜ್‌ಗೆ ಬಫ್ ಸಿಕ್ಕರೆ ಬೆಂಕಿಯುಂಡೆ ದೊಡ್ಡದಾಗುತ್ತದೆ, ಅಷ್ಟೇ. ವಾರಿಯರ್‌ಗೆ ಸಿಕ್ಕರೆ ಹೊಡೆತವೂ ದೊಡ್ಡದು, ರೇಜೂ ಹೆಚ್ಚು. ಬಡ್ಡಿಗೆ ಬಡ್ಡಿ.

ಮೂರು, ಎದುರಾಳಿ. 1.12ರ ಹೊತ್ತಿಗೆ ಸುಧಾರಿಸಿದ್ದ ಪಾತ್ರಗಳು, ಅದಕ್ಕೂ ಮುಂಚಿನ ಪಾತ್ರಗಳಿಗಾಗಿ ಮಾಡಿದ್ದ ಬಾಸ್‌ಗಳ ಎದುರು ನಿಂತವು. ಹಿಂದೆ ತಿಂಗಳುಗಟ್ಟಲೆ ಯಾರಿಗೂ ಬಗ್ಗದಿದ್ದ ರಾಗ್ನರೋಸ್, ಕ್ಲಾಸಿಕ್ ತೆರೆದ ಒಂದು ವಾರದೊಳಗೇ ಬಿದ್ದ. ಜೊತೆಗೆ ಬಾಸ್‌ನ ಮೇಲೆ ಒಮ್ಮೆಗೆ 16 ಡಿಬಫ್ ಮಾತ್ರ ನಿಲ್ಲಬಹುದು ಎಂಬ ಮಿತಿ. ಶಾಪ ಹಾಕಿ ನಿಧಾನವಾಗಿ ಕೊಲ್ಲುವ ಪಾತ್ರಗಳಿಗೆ ಅಲ್ಲಿ ಜಾಗವೇ ಇಲ್ಲ. ನೇರ ಹೊಡೆಯುವವನಿಗೆ ಆ ಚಿಂತೆ ಇಲ್ಲ.

ಇದರಲ್ಲಿ ನಷ್ಟ ಯಾರಿಗೆ? ರೇಡ್‌ನಲ್ಲಿ ಇರುವುದು 40 ಸೀಟು. ವೇಗವಾಗಿ ಮುಗಿಸಬೇಕೆಂಬ ಗಿಲ್ಡ್‌ಗಳು ಆ ಸೀಟುಗಳನ್ನು ವಾರಿಯರ್‌ಗಳಿಂದ ತುಂಬುತ್ತಾ ಹೋದವು. ಇಷ್ಟಪಟ್ಟು ರೆಟ್ರಿಬ್ಯೂಷನ್ ಪಲಡಿನ್ನೋ ಷಾಡೋ ಪ್ರೀಸ್ಟೋ ಬೆಳೆಸಿದವನು, ತಿಂಗಳುಗಟ್ಟಲೆ ಸಂಜೆಗಳನ್ನು ಅದಕ್ಕೆ ಕೊಟ್ಟವನು, ಬಾಗಿಲ ಹೊರಗೆ ನಿಂತ. ಸಾಲದ್ದಕ್ಕೆ ವಾರಿಯರ್‌ಗಳಿಗೂ ಸುಖವಿರಲಿಲ್ಲ. ಒಂದೇ ಕೊಡಲಿಗೆ ಹತ್ತಾರು ಕೈ. ಬ್ಯಾಲೆನ್ಸ್ ಎನ್ನುವುದು ಅಂಕಿಗಳ ಹಠವಲ್ಲ. ಯಾರಿಗೆ ಆಡಲು ಜಾಗ ಸಿಗುತ್ತದೆ ಎಂಬ ಪ್ರಶ್ನೆ ಅದು.

ಬ್ಲಿಜಾರ್ಡ್ ಕೊನೆಗೆ ಮಾಡಿದ್ದು ನೋಡಿ. 2021ರ ನವೆಂಬರ್‌ನಲ್ಲಿ ತೆರೆದ 'ಸೀಸನ್ ಆಫ್ ಮಾಸ್ಟರಿ'ಯಲ್ಲಿ ವರ್ಲ್ಡ್ ಬಫ್‌ಗಳು ರೇಡ್ ಒಳಗೆ ನಡೆಯದಂತೆ ಮಾಡಿದರು, ಬಾಸ್‌ಗಳ ಮೇಲಿನ ಡಿಬಫ್ ಮಿತಿ ತೆಗೆದರು, ಬಾಸ್‌ಗಳ ಆಯುಷ್ಯ ಹೆಚ್ಚಿಸಿದರು. ಮೂರೂ ಪೆಟ್ಟು ಬಿದ್ದದ್ದು ವಾರಿಯರ್‌ನ ಸುತ್ತ. ಕತ್ತಿಗೆ ಕೈಹಚ್ಚದೆ ಕತ್ತಿ ಬೀಸುವ ಅಂಗಳವನ್ನು ತಿದ್ದಿದರು. ಅದೇ ಸರಿಯಾದ ದಾರಿ ಎಂದು ನನಗನಿಸುತ್ತದೆ. ಅಪ್ರೈಸಲ್ ಕಾಲದಲ್ಲಿ ಇದನ್ನು ನಾವೆಲ್ಲ ಬಲ್ಲೆವು. ಅದೇ ಎಂಜಿನಿಯರ್ ಒಂದು ಪ್ರಾಜೆಕ್ಟ್‌ನಲ್ಲಿ ಹೀರೋ, ಇನ್ನೊಂದರಲ್ಲಿ ಬೆಂಚು.

ಹಾಗಾಗಿ ಈಗ ಪ್ಯಾಚ್ ನೋಟ್ಸ್ ಬಂದರೆ ನಾನು ವಾರಿಯರ್ ಎಂಬ ಸಾಲಿನಿಂದ ಓದು ಶುರು ಮಾಡುವುದಿಲ್ಲ. ಬಾಸ್‌ಗಳಿಗೆ ಏನಾಗಿದೆ, ಕಾಳಗ ಎಷ್ಟು ಹೊತ್ತಿನದು, ಜೊತೆಯವರಿಗೆ ಏನು ಕೊಟ್ಟಿದ್ದಾರೆ ಎಂದು ಮೊದಲು ನೋಡುತ್ತೇನೆ. ನನ್ನ ಸಾಲು ಆಮೇಲೆ. ಶೇಕಡ 5 ಇಳಿಸಿದ್ದರೂ ಹಲವು ಸಲ ಸೂತಕದ ಅಗತ್ಯವಿರುವುದಿಲ್ಲ.