ಮುಂದೇನು?

ಪದವಿಯ ಕೊನೆಯ ವರುಷದಲ್ಲಿರುವ ನಮ್ಮ ತರುಣ ತರುಣಿಯರನ್ನು ‘ಮುಂದೇನು?’ ಎಂದು ಕೇಳಿದರೆ, ಸರಕಾರಿ ನೌಕರಿಯ ಪರೀಕ್ಷೆಗೆ ಓದುವೆವೆಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಧಾರವಾಡದಲ್ಲಿ ಇದಕ್ಕಾಗಿಯೇ ಎಷ್ಟು ತರಬೇತಿ ವರ್ಗಗಳಿವೆಯೆಂಬುದನ್ನು ವಾಚಕರು ಬಲ್ಲರು. ಇದನ್ನು ನಾವು ಜರೆಯುವುದಿಲ್ಲ. ಮಳೆಯನ್ನೇ ನಂಬಿದ ಒಕ್ಕಲು ಮನೆತನಕ್ಕೆ ತಿಂಗಳ ಸಂಬಳವು ಎಂಥ ಆಸರೆಯೆಂಬುದನ್ನು ಅರಿಯದವರು ಮಾತ್ರ ಹಾಗೆ ಜರೆದಾರು. ಆದರೆ ಈ ನಿರ್ಧಾರವು ಒಲವಿನಿಂದ ಹುಟ್ಟಿತೋ ಅಂಜಿಕೆಯಿಂದ ಹುಟ್ಟಿತೋ? ರಸಾಯನಶಾಸ್ತ್ರವನ್ನು ಚೆನ್ನಾಗಿ ಬಲ್ಲವನೊಬ್ಬನು, ಸಂದರ್ಶನದಲ್ಲಿ ತನ್ನ ಇಂಗ್ಲಿಷು ತಡವರಿಸೀತೆಂದು ಕಂಪನಿಗೆ ಅರ್ಜಿಯನ್ನೇ ಹಾಕದೆ ಉಳಿದರೆ, ಅವನು ವೃತ್ತಿಯನ್ನು ಆರಿಸಿಕೊಂಡನೆನ್ನಲಾಗದು.

ಆ ಅಂಜಿಕೆಯಿಂದ ಪಾರಾಗಲು ಆಶ್ರಯಿಸಿದ ಪರೀಕ್ಷೆಯಾದರೂ ಕೈಹಿಡಿಯಿತೇ? 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗಾಗಿ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳು ತಪ್ಪು ಭಾಷಾಂತರದಿಂದ ಕೆಟ್ಟವು. ಡಿಸೆಂಬರ್ 29ರಂದು ಮರುಪರೀಕ್ಷೆಯಾಯಿತು. ಅಲ್ಲಿಯೂ ಅದೇ ದೂರೆದ್ದಿತು! ಕನ್ನಡ ಪ್ರಶ್ನೆಯ ಅರ್ಥವನ್ನು ತಿಳಿಯಲು ಇಂಗ್ಲಿಷು ಪ್ರಶ್ನೆಯನ್ನು ನೋಡಬೇಕಾದ ವಿದ್ಯಾರ್ಥಿಗೆ ನಾವು ಯಾವ ಬಾಯಿಂದ ಆತ್ಮವಿಶ್ವಾಸವನ್ನು ಬೋಧಿಸೋಣ? ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲಿಯೇ ರಚಿಸಿ, ಬಳಿಕ ಇಂಗ್ಲಿಷಿಗೆ ಪರಿವರ್ತಿಸತಕ್ಕದ್ದು. ಕನ್ನಡ ಬಲ್ಲ ಪಂಡಿತರಿಗೆ ಈ ನಾಡಿನಲ್ಲಿ ಬರಗಾಲವೇನೂ ಬಂದಿಲ್ಲ.

ತೆರೆದ ಬಾಗಿಲುಗಳೂ ಉಂಟು. ಕೇಂದ್ರದ ಸಿವಿಲ್ ಸೇವೆಯ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದು, ಸಂದರ್ಶನದಲ್ಲಿಯೂ ಕನ್ನಡದಲ್ಲಿಯೇ ಉತ್ತರಿಸಬಹುದು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯು 2024ರಿಂದ ಕನ್ನಡದಲ್ಲಿಯೂ ನಡೆಯುತ್ತಿದೆ.

ಅಧ್ಯಾಪಕ ಮಹಾಶಯರಲ್ಲಿ ನಮ್ಮದೊಂದು ಬಿನ್ನಹವುಂಟು. ಬೀಳ್ಕೊಡುವ ಸಮಾರಂಭದ ಭಾಷಣದಿಂದ ಯಾರಿಗೂ ಧೈರ್ಯ ಬಂದುದಿಲ್ಲ. ಅದಕ್ಕಿಂತ, ಕೊನೆಯ ಆರು ತಿಂಗಳು ವಾರಕ್ಕೊಂದು ತಾಸನ್ನು ಮೀಸಲಿಡಿರಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಎದ್ದು ನಿಂತು ತಾನು ಕಲಿತ ವಿಷಯವನ್ನು ಹತ್ತು ನಿಮಿಷ ಕನ್ನಡದಲ್ಲಿ ವಿವರಿಸಲಿ, ಸಹಪಾಠಿಗಳ ಪ್ರಶ್ನೆಗಳಿಗೆ ಉತ್ತರ ಕೊಡಲಿ. ಮರುವಾರ ಅದನ್ನೇ ಇಂಗ್ಲಿಷಿನಲ್ಲಿ ಹೇಳಲಿ. ಹೊಲದ ಮಣ್ಣಿನ ಪರೀಕ್ಷೆಯನ್ನು ರೈತನಿಗೆ ತಿಳಿಯುವಂತೆ ಹೇಳಬಲ್ಲವನಿಗೆ ಇಂಗ್ಲಿಷಿನ ಹತ್ತು ವಾಕ್ಯಗಳು ಅಭ್ಯಾಸದ ಮಾತಷ್ಟೆ. ವಿಷಯವು ಆಗಲೇ ಅವನ ಸ್ವಂತದ್ದಾಗಿರುತ್ತದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರಖಾನೆಗಳಲ್ಲಿ ಕಬ್ಬಿನ ಹಾಲಿನ ಪರೀಕ್ಷೆ ಮಾಡುವವರನ್ನು ಒಂದು ದಿನ ವರ್ಗಕ್ಕೆ ಕರೆಯಿಸಿರಿ. ತಮ್ಮ ವಿದ್ಯೆಗೆ ಮನೆಯ ಹತ್ತಿರವೇ ಎಂಥ ಕೆಲಸವಿದೆಯೆಂದು ಹುಡುಗರು ಅವರ ಬಾಯಿಂದಲೇ ಕೇಳಲಿ.